ಹಕ್ಕು ನಮ್ಮದು, ವಹಿವಾಟು ಯಾರದು?

(ಕಾರವಾರದ ಕಡಲದಂಡೆಯ ಉತ್ಸವವನ್ನು ಕುರಿತು)

ನೆಲದ ವ್ಯಾಜ್ಯಗಳನ್ನು ನಡೆಯಿಸಿ ಬಲ್ಲವರಿಗೆಲ್ಲ ಒಂದು ಸಂಗತಿ ಗೊತ್ತಿರುವದು. ಜಮೀನಿಗೆ ಕಾಗದವಿದ್ದರೆ ಸಾಲದು, ವಹಿವಾಟೂ ಇರಬೇಕು. ಖರೀದಿಪತ್ರವನ್ನು ಪೆಟ್ಟಿಗೆಯಲ್ಲಿ ಭದ್ರವಾಗಿಟ್ಟು, ಹೊಲವನ್ನು ಉಳದೆ ಬಿತ್ತದೆ ಬೀಳುಗೆಡಹಿದ ಒಡೆಯನು, ಮತ್ತೊಬ್ಬನು ಅಲ್ಲಿ ಬಹಿರಂಗವಾಗಿ ಹನ್ನೆರಡು ವರ್ಷ ತನ್ನದೆಂದೇ ಬೇಸಾಯ ಮಾಡಿದ ಮೇಲೆ ಕಣ್ದೆರೆದು ನ್ಯಾಯಸ್ಥಾನಕ್ಕೆ ಓಡಿಬಂದರೆ, ಆ ಕಾಗದವು ಅವನ ಕೈಹಿಡಿಯಲಾರದು. ನಿದ್ರೆ ಮಾಡಿದವನ ಹಕ್ಕನ್ನು ಕಾಯಿದೆಯು ಕಾಯುತ್ತ ಕೂಡ್ರುವದಿಲ್ಲ. ನಾಡಿನ ವಿಷಯದಲ್ಲಿಯೂ ನ್ಯಾಯವು ಇದೇ ಎಂದು ನಾವು ತಿಳಿಯುತ್ತೇವೆ.

ಕಾರವಾರ ಸೀಮೆಯ ಕಾಗದಪತ್ರಗಳನ್ನು ಮೊದಲು ನೋಡೋಣ. ಆಂಗ್ಲ ಸರಕಾರವು ಕೆನರಾ ಸೀಮೆಯನ್ನು ಎರಡಾಗಿ ಸೀಳಿ, ಉತ್ತರದ ಭಾಗವನ್ನು 1862ರಲ್ಲಿ ಮುಂಬಯಿ ಇಲಾಖೆಗೆ ಅಂಟಿಸಿತು. ಅಂದಿನಿಂದ ತೊಂಬತ್ತನಾಲ್ಕು ವರ್ಷಗಳ ಕಾಲ ಈ ಜಿಲ್ಲೆಯ ಕನ್ನಡಿಗನು ತನ್ನ ಅಹವಾಲನ್ನು ಮುಂಬಯಿಯ ಬಾಗಿಲಿಗೆ ಒಯ್ಯಬೇಕಾಯಿತು. 1956ರ ನವಂಬರ 1ರಂದು ಈ ಜಿಲ್ಲೆಯು ಒಂದುಗೂಡಿದ ಕನ್ನಡ ನಾಡಿಗೆ ಬಂದಿತು; 1973ರಲ್ಲಿ ಆ ನಾಡಿಗೆ ಕರ್ನಾಟಕವೆಂಬ ತನ್ನ ಹೆಸರೂ ಬಂದಿತು. ಕಾಗದವು ನಮ್ಮದೇ ಆಯಿತು. ಆದರೆ ಎದುರು ಪಕ್ಷದವರು ಸುಮ್ಮನೆ ಕುಳಿತಿಲ್ಲ. 2004ರಲ್ಲಿ ಮಹಾರಾಷ್ಟ್ರ ಸರಕಾರವು ಗಡಿಯ ದಾವೆಯನ್ನು ಸರ್ವೋಚ್ಚ ನ್ಯಾಯಾಲಯಕ್ಕೆ ಒಯ್ದಿತು. 2022ರ ಡಿಸೆಂಬರದಲ್ಲಿ ಅಲ್ಲಿಯ ವಿಧಾನಮಂಡಲವು, ಬೆಳಗಾವಿ ನಿಪ್ಪಾಣಿಗಳೊಡನೆ ಕಾರವಾರವೂ ಸೇರಿ 865 ಊರುಗಳು ತಮಗೆ ಬರಬೇಕೆಂದು ಒಕ್ಕೊರಲಿನಿಂದ ಗೊತ್ತುವಳಿಯನ್ನು ಅಂಗೀಕರಿಸಿತು. ಆ ದಾವೆಗೆ ಉತ್ತರ ಕೊಡಲು ಸಮರ್ಥರಾದ ವಕೀಲರು ನಾಡಿನಲ್ಲಿದ್ದಾರೆ. ನಮ್ಮ ಚಿಂತೆಯು ಕಾಗದದ್ದಲ್ಲ, ವಹಿವಾಟಿನದು.

ನಾಡಿನ ವಹಿವಾಟು ಎಂದರೇನು? ಕಚೇರಿಯ ಬೋರ್ಡಿನ ಮೇಲೆ ಕನ್ನಡದ ಅಕ್ಷರಗಳಿರುವದು ವಹಿವಾಟಿನ ಒಂದು ಗುರುತು ಮಾತ್ರ. ಶಾಲೆಯ ಪಾಠಕ್ರಮವು ಇನ್ನೊಂದು ಗುರುತು. ಆದರೆ ಇವೆರಡೂ ಆಜ್ಞೆಯಿಂದ ನಡೆಯತಕ್ಕವು. ಯಾರ ಆಜ್ಞೆಯೂ ಇಲ್ಲದೆ ಜನರು ತಾವಾಗಿ ಮನೆಯ ಕದವಿಕ್ಕಿ, ಮಕ್ಕಳನ್ನು ಹೆಗಲ ಮೇಲೆ ಹೊತ್ತು ಬಂದು ನೆರೆಯುವ ಸ್ಥಳ ಒಂದುಂಟು: ಆಟದ ಕಳ, ಹಾಡಿನ ಚಪ್ಪರ, ನಾಟಕದ ರಂಗ. ಅಲ್ಲಿ ಯಾವ ಮಾತಿಗೆ ಜನರು ನಗುತ್ತಾರೆ, ಯಾವ ಮಾತಿಗೆ ಕಣ್ಣೊರಸಿಕೊಳ್ಳುತ್ತಾರೆ ಎಂಬುದರ ಮೇಲಿಂದ ಆ ನೆಲದ ನಿಜವಾದ ವಹಿವಾಟು ಗೊತ್ತಾಗುವದು. ಆದ್ದರಿಂದಲೇ ಕಾರವಾರದ ಕಡಲದಂಡೆಯಲ್ಲಿ ಸರಕಾರವು ನಡೆಯಿಸಿಕೊಂಡು ಬಂದಿರುವ ಕರಾವಳಿ ಉತ್ಸವವನ್ನು ಬರಿಯ ವಿನೋದದ ಸಂಗತಿಯೆಂದು ಬದಿಗೆ ಸರಿಸಲು ನಾವು ಸಿದ್ಧರಿಲ್ಲ.

ಆ ಉತ್ಸವದ ಸ್ಥಳಮಹಿಮೆಯನ್ನು ನೋಡಿರಿ. ಕಡಲತೀರಕ್ಕೆ ರವೀಂದ್ರನಾಥ ಠಾಕೂರರ ಹೆಸರು. 1883ರಲ್ಲಿ ಅವರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ, ಇಪ್ಪತ್ತೆರಡರ ತರುಣ ರವೀಂದ್ರರು ಈ ಊರಿಗೆ ಬಂದು ತಂಗಿದ್ದರು. ಇಲ್ಲಿದ್ದಾಗಲೇ ‘ಪ್ರಕೃತಿರ್ ಪ್ರತಿಶೋಧ’ವೆಂಬ ನಾಟಕವನ್ನು ಬರೆದರು. ಈ ದಂಡೆಗೆ ಜಗತ್ತಿನ ಸಾಹಿತ್ಯದಲ್ಲಿ ಸ್ಥಾನ ದೊರೆತದ್ದೇ ಒಂದು ನಾಟಕದಿಂದ ಎಂಬುದನ್ನು ವಾಚಕರು ನೆನಪಿನಲ್ಲಿಡಬೇಕು. ವೇದಿಕೆಗಾದರೋ ಮಯೂರವರ್ಮನ ಹೆಸರು. ಅವನು ಬನವಾಸಿಯಲ್ಲಿ ಕದಂಬರ ರಾಜ್ಯವನ್ನು ಕಟ್ಟಿದವನು. ಆ ಬನವಾಸಿಯು ಇದೇ ಜಿಲ್ಲೆಯಲ್ಲಿದೆ. 2005ರಲ್ಲಿ ಇದೇ ಕರಾವಳಿಯಲ್ಲಿ ತಲೆಯೆತ್ತಿದ ನೌಕಾನೆಲೆಗೂ ಕದಂಬರ ಹೆಸರನ್ನೇ ಇಟ್ಟಿದ್ದಾರೆ. ಹೆಸರಿಡುವದರಲ್ಲಿ ನಾವು ಎಂದೂ ಹಿಂದೆ ಬಿದ್ದವರಲ್ಲ! ಹೆಸರಿನ ಕೆಳಗೆ ಏನು ನಡೆಯುವದೆಂಬುದೇ ಪ್ರಶ್ನೆ.

ನಮ್ಮಲ್ಲಿಯ ಸರಕಾರಿ ಉತ್ಸವಗಳ ರೂಢಿಯನ್ನು ಬಲ್ಲವರಿಗೆ ನಾವು ಹೇಳುವದು ಹೊಸದಾಗಿ ತೋರದು. ಬಿಸಿಲು ಇಳಿಯುವ ಮುನ್ನ, ಕುರ್ಚಿಗಳು ಇನ್ನೂ ಬರಿದಾಗಿರುವಾಗ, ಊರಿನ ಕಲಾವಿದರ ಸರದಿ. ದೀಪಗಳು ಹತ್ತಿ, ಜನಸಾಗರವು ಸೇರಿ, ದೊಡ್ಡವರು ಮುಂದಿನ ಸಾಲಿನಲ್ಲಿ ಕುಳಿತ ಮೇಲೆ, ದೂರದ ಪಟ್ಟಣದಿಂದ ಬಂದ ಚಲಚ್ಚಿತ್ರದ ಗಾಯಕರ ಸರದಿ. ಇಡಿಯ ರಾತ್ರಿ ಆಡಿದರೆ ಮಾತ್ರ ಅರಳತಕ್ಕ ಯಕ್ಷಗಾನಕ್ಕೆ ಗಂಟೆಯ ಲೆಕ್ಕ. ನಾಟಕಕ್ಕೆ ಬಹುಶಃ ಎಡೆಯೇ ಇಲ್ಲ. ಸಂಭಾವನೆಯಲ್ಲಿಯ ಅಂತರವನ್ನಂತೂ ಕೇಳುವದೇ ಬೇಡ.

ನಾವು ಕಣ್ಣಾರೆ ಕಂಡ ಒಂದು ಸಂಗತಿಯನ್ನು ಇಲ್ಲಿ ಹೇಳುತ್ತೇವೆ. ಯಾವ ಊರಿನ, ಯಾವ ವರ್ಷದ ಉತ್ಸವವೆಂಬುದು ಬೇಡ. ಒಬ್ಬರನ್ನು ಹಳಿಯುವದು ನಮ್ಮ ಉದ್ದೇಶವಲ್ಲ. ಸುಗ್ಗಿ ಕುಣಿತದ ತಂಡವೊಂದನ್ನು ಮಧ್ಯಾಹ್ನ ಎರಡು ಗಂಟೆಗೇ ಕರೆಯಿಸಿದ್ದರು. ತಲೆಯ ಮೇಲೆ ತುರಾಯಿಗಳ ಭಾರ, ಕೈಯಲ್ಲಿ ಗುಮಟೆ. ಮೊದಲು ಮೆರವಣಿಗೆಯಲ್ಲಿ ಅವರನ್ನು ಬಿಸಿಲೊಳಗೆ ನಡೆಯಿಸಿದರು. ಬಳಿಕ ವೇದಿಕೆಯ ಹಿಂದೆ ಮರಳಿನ ಮೇಲೆ ಕೂಡ್ರಿಸಿದರು. ಇರುಳು ಏಳಕ್ಕೆ ಕರೆ ಬಂದಿತು: ಹನ್ನೆರಡು ನಿಮಿಷ, ಹೆಚ್ಚಿಲ್ಲ. ಅವರು ಕುಣಿಯುತ್ತಿರುವಾಗಲೇ, ಮುಂದೆ ಬರುವ ಗಾಯಕರ ಸಲುವಾಗಿ ಕೂಲಿಕಾರರು ವಾದ್ಯದ ಪೆಟ್ಟಿಗೆಗಳನ್ನು ಅವರ ಬೆನ್ನ ಹಿಂದೆ ಎಳೆದು ಜೋಡಿಸುತ್ತಿದ್ದರು. ಒಂಬತ್ತನೆಯ ನಿಮಿಷಕ್ಕೆ ಗಣ್ಯರು ಬಂದರೆಂದು ಕುಣಿತವನ್ನು ನಿಲ್ಲಿಸಿದರು. ತಂಡದ ಹಿರಿಯನು ಒಂದು ಮಾತನ್ನೂ ಆಡಲಿಲ್ಲ. ತುರಾಯಿಯನ್ನು ಎರಡೂ ಕೈಗಳಿಂದ ಇಳಿಸಿ, ಅದರ ಮೇಲಿನ ಮರಳನ್ನು ಒರಸಿ, ಬಟ್ಟೆಯಲ್ಲಿ ಸುತ್ತಿಕೊಂಡನು. ಆ ಮೌನವನ್ನು ಮರೆಯಲು ನಮಗೆ ಇಂದಿಗೂ ಸಾಧ್ಯವಾಗಿಲ್ಲ. ಅತಿಥಿಯನ್ನು ಸತ್ಕರಿಸಲು ಮನೆಯ ಯಜಮಾನನನ್ನೇ ಹಿತ್ತಲಿಗೆ ಕಳಿಸಿದಂತೆ ಆಯಿತಲ್ಲವೆ?

“ಜನರಿಗೆ ಬೇಕಾದುದನ್ನೇ ನಾವು ಕೊಡುತ್ತೇವೆ, ಚಲಚ್ಚಿತ್ರದ ಹಾಡಿಲ್ಲದಿದ್ದರೆ ಜನ ಸೇರುವದಿಲ್ಲ, ಜನ ಸೇರದಿದ್ದರೆ ಪ್ರವಾಸಿಗರೂ ಬಾರರು, ವ್ಯಾಪಾರವೂ ಬೆಳೆಯದು” ಎಂದು ಇದಕ್ಕೆ ಉತ್ತರ ಕೊಡುವವರಿದ್ದಾರೆ. ಈ ಉತ್ತರವನ್ನು ನಾವು ತುಚ್ಛವಾಗಿ ಕಾಣುವದಿಲ್ಲ. ಚಲಚ್ಚಿತ್ರದ ಹಾಡು ನಮಗೆ ಶತ್ರುವಲ್ಲ. ಬೆಸ್ತರ ಮನೆಯ ಹುಡುಗನು ತಾನು ಮೆಚ್ಚಿದ ಗಾಯಕನನ್ನು ಒಂದು ರೂಪಾಯಿಯ ಖರ್ಚಿಲ್ಲದೆ ಎದುರಿಗೇ ಕಂಡು ನಲಿದರೆ, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಆ ಗಾಯಕನ ಹಾಡು ಆ ಹುಡುಗನ ಕಿಸೆಯೊಳಗಿನ ಯಂತ್ರದಲ್ಲಿ ಮುನ್ನೂರರವತ್ತೈದು ದಿನವೂ ಇದ್ದೇ ಇರುವದು. ಮಾರುಕಟ್ಟೆಯು ಬಿಟ್ಟಿಯಾಗಿ ಮನೆಗೆ ತಂದುಕೊಡುವದನ್ನೇ ಸರಕಾರವು ಪ್ರಜೆಗಳ ಹಣವನ್ನು ತೆತ್ತು ತರಬೇಕೆ? ಮಾರುಕಟ್ಟೆಯು ತರಲಾರದ್ದನ್ನು ತರುವದೇ ಸರಕಾರದ ಕೆಲಸವಲ್ಲವೆ? ಇನ್ನು, ಜನರಿಗೆ ಬೇಕೋ ಬೇಡವೋ ಎಂಬುದನ್ನು ಪರೀಕ್ಷಿಸಿದವರಾದರೂ ಯಾರು? ಖಾಲಿ ಕುರ್ಚಿಗಳ ಎದುರಿಗೆ ಸಂಜೆ ಐದಕ್ಕೆ ಆಡಿಸಿ, ಜನರು ಬರಲಿಲ್ಲವೆಂದು ತೀರ್ಪು ಕೊಡುವದು, ಸಾಕ್ಷಿಯನ್ನು ಕೇಳದೆಯೇ ಖಟ್ಲೆಯನ್ನು ತೀರಿಸಿದಂತೆ. ಅದೇ ಆಟಕ್ಕೆ ಅದೇ ದೀಪಗಳನ್ನೂ ಅದೇ ಹೊತ್ತನ್ನೂ ಕೊಟ್ಟು ನೋಡಿರಿ. ಬಳಿಕ ತೀರ್ಪನ್ನು ಬರೆಯಿರಿ.

ನಮ್ಮ ಬಳಿ ಇರುವದಾದರೂ ಏನು ಎಂದು ಕೇಳುವವರಿಗೆ ಇತಿಹಾಸವನ್ನು ತುಸು ನೆನಪು ಮಾಡಿಕೊಡುವದು ಅವಶ್ಯವಾಗಿದೆ. 1843ರಲ್ಲಿ ಸಾಂಗಲಿಯ ವಿಷ್ಣುದಾಸ ಭಾವೆಯವರು ‘ಸೀತಾಸ್ವಯಂವರ’ವನ್ನು ಆಡಿ ಮರಾಠಿ ರಂಗಭೂಮಿಗೆ ನಾಂದಿ ಹಾಕಿದರು. ಅದಕ್ಕೆ ಪ್ರೇರಣೆಯು ಎಲ್ಲಿಂದ ಬಂದಿತು? ಉತ್ತರ ಕನ್ನಡದ ಕಡೆಯಿಂದ ಹೋದ ಭಾಗವತರ ಮೇಳದವರು ಸಾಂಗಲಿಯ ಸಂಸ್ಥಾನಿಕರ ಎದುರಿಗೆ ಆಡಿದ ಆಟದಿಂದ. ಮರಾಠಿ ರಂಗಭೂಮಿಯ ಚರಿತ್ರಕಾರರೇ ಇದನ್ನು ಒಪ್ಪಿಕೊಂಡಿದ್ದಾರೆ. ನಮ್ಮ ನೆಲವನ್ನು ತಮ್ಮದೆನ್ನುವವರ ರಂಗಭೂಮಿಗೇ ನಮ್ಮ ಮೇಳದವರು ದೀಪ ಹಚ್ಚಿಕೊಟ್ಟರು! ಗಡಿಯ ದಾವೆಯಲ್ಲಿ ಇದಕ್ಕಿಂತ ಸೊಗಸಾದ ಸಾಕ್ಷಿ ಎಲ್ಲಿ ದೊರೆತೀತು? ಆ ಮೇಳದ ಪರಂಪರೆಯೂ ಆರಿಹೋಗಿಲ್ಲ. ಹೊನ್ನಾವರದ ಕಡೆಯ ಕೆರೆಮನೆಯಲ್ಲಿ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮೇಳವು ತಲೆಮಾರುಗಳನ್ನು ದಾಟಿ ಬಂದಿದೆ. ಚಿಟ್ಟಾಣಿ ರಾಮಚಂದ್ರ ಹೆಗಡೆಯವರಿಗೆ 2012ರಲ್ಲಿ ಪದ್ಮಶ್ರೀ ಬಂದಿತು. ದಿಲ್ಲಿಯು ಮನ್ನಿಸಿದ ಕಲೆಗೆ ತವರಿನ ಉತ್ಸವದಲ್ಲಿ ಒಂದು ಪೂರ್ಣ ರಾತ್ರಿಯು ದೊರೆಯುವದು ಅರಿದೆಂದರೆ ಏನೆನ್ನಬೇಕು?

ಅಂಕೋಲೆಯ ಹಾಲಕ್ಕಿ ಒಕ್ಕಲಿಗರನ್ನು ನೋಡಿರಿ. ಬಡಗೇರಿಯ ಸುಕ್ರಿ ಬೊಮ್ಮಗೌಡರು ಅಕ್ಷರವನ್ನು ಕಲಿತವರಲ್ಲ. ಆದರೆ ಒಂದು ಕುಲದ ಹಾಡಿನ ಭಂಡಾರವನ್ನು ಕಂಠದಲ್ಲಿ ಹೊತ್ತಿದ್ದರು. ಸಾರಾಯಿಯ ವಿರುದ್ಧ ಊರಿನ ಹೆಂಗಸರನ್ನು ಎಬ್ಬಿಸಿ ನಿಲ್ಲಿಸಿದವರೂ ಅವರೇ. 2017ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. 2025ರ ಫೆಬ್ರುವರಿಯಲ್ಲಿ ಅವರು ತೀರಿಕೊಂಡರು. ಅವರು ತೀರಿದಾಗ ನಾವೆಲ್ಲರೂ ಶೋಕದ ಮಾತುಗಳನ್ನಾಡಿದೆವು. ಅವರ ಹಾಡನ್ನು ಕಲಿತ ಹುಡುಗಿಯರಿಗೆ ಹಾಡಲಿಕ್ಕೆ ವೇದಿಕೆ ಎಲ್ಲಿ ಎಂದು ನಮ್ಮಲ್ಲಿ ಎಷ್ಟು ಜನರು ಕೇಳಿದೆವು? ಹಾಲಕ್ಕಿಗಳ ಗುಮಟೆಯು ಮಣ್ಣಿನ ವಾದ್ಯ. ಗಡಿಯಾಚೆ ಗೋವೆಯಲ್ಲಿ ಅದರ ಬಂಧುವಿಗೆ ಘುಮಟ ಎಂದು ಹೆಸರು. 2019ರಲ್ಲಿ ಗೋವೆಯ ಸರಕಾರವು ಅದನ್ನು ತನ್ನ ರಾಜ್ಯದ ಪರಂಪರೆಯ ವಾದ್ಯವೆಂದು ಘೋಷಿಸಿತು. ಗಡಿಯ ಆಚೆಗೆ ರಾಜಮಾನ್ಯವಾದ ಮಡಕೆಯು ಈಚೆಗೆ ಮೆರವಣಿಗೆಯ ಅಲಂಕಾರ ಮಾತ್ರವಾಗಿರುವದು ಯಾರ ತಪ್ಪು?

ಘಟ್ಟದ ಮೇಲಿನ ಸಿದ್ದಿಯರ ಮಾತನ್ನೂ ಹೇಳಬೇಕು. ಶತಮಾನಗಳ ಹಿಂದೆ ಆಫ್ರಿಕೆಯಿಂದ ಬಂದವರ ಈ ಮಕ್ಕಳು ಯಲ್ಲಾಪುರ, ಹಳಿಯಾಳಗಳ ಕಾಡಿನಂಚಿನಲ್ಲಿ ಬಾಳಿಕೊಂಡು ಬಂದಿದ್ದಾರೆ. ನೈಜೀರಿಯದ ಚಿನುವ ಅಚೆಬೆಯವರ ಕಾದಂಬರಿಯನ್ನು ಕನ್ನಡದ ನಾಟಕವನ್ನಾಗಿ ಮಾಡಿ, ಚಿದಂಬರರಾವ್ ಜಂಬೆಯವರು ಮಂಚೀಕೇರಿಯ ಕಡೆಯ ಸಿದ್ದಿಯರಿಂದ ಆಡಿಸಿದರು. ಆಫ್ರಿಕೆಯ ಕಥೆಯು ಆಫ್ರಿಕೆಯ ವಂಶದವರ ಬಾಯಲ್ಲಿ ಕನ್ನಡವಾಗಿ ಮೊಳಗಿತು! ಇಂಥ ಅದ್ಭುತವನ್ನು ಮಾಡಿ ತೋರಿಸಿದ ಜಿಲ್ಲೆಯಲ್ಲಿ ನಾಟಕವಾಡುವವರಿಲ್ಲ ಎಂದು ಯಾರಾದರೂ ಹೇಳಿದರೆ ನಾವು ನಂಬತಕ್ಕದ್ದೆ?

ಇನ್ನು ಕಡಲದಂಡೆಯನ್ನು ಬಿಟ್ಟು, ಕಾಳಿಯ ದಂಡೆಗುಂಟ ಒಳನಾಡಿಗೆ ಹೋಗೋಣ. ಕದ್ರಾ, ಮಲ್ಲಾಪುರ, ಕೈಗಾ. ಕೈಗೆಯಲ್ಲಿ 2000ದಿಂದ 2011ರ ವರೆಗೆ ಒಂದೊಂದಾಗಿ ನಡೆಯತೊಡಗಿದ ನಾಲ್ಕು ಅಣುಸ್ಥಾವರಗಳಿವೆ. ಒಟ್ಟು ಶಕ್ತಿಯು 880 ಮೆಗಾವಾಟ್. ಅವುಗಳಲ್ಲಿ ಮೊದಲನೆಯದು 2018ರ ಡಿಸೆಂಬರ 31ರ ವರೆಗೆ 962 ದಿನಗಳ ಕಾಲ ಎಡೆಬಿಡದೆ ಓಡಿ, ಆಗ ಜಗತ್ತಿನ ದಾಖಲೆಯನ್ನೇ ಮಾಡಿತು. ಅಲ್ಲಿಯ ಕೆಲಸಗಾರರ ವಸತಿಯು ಮಲ್ಲಾಪುರದಲ್ಲಿದೆ. ಭಾರತದ ಬಹುತೇಕ ಎಲ್ಲ ಸೀಮೆಗಳಿಂದ ಬಂದವರು ಅಲ್ಲಿ ಒಟ್ಟಿಗೆ ವಾಸಿಸುತ್ತಾರೆ. ತಮಿಳರ, ತೆಲುಗರ, ಉತ್ತರ ಹಿಂದುಸ್ತಾನದವರ ಮಕ್ಕಳು ಕಾಳಿಯ ನೀರನ್ನು ಕುಡಿದು ಬೆಳೆಯುತ್ತಾರೆ. ಅವರು ಕನ್ನಡಿಗರಾಗತಕ್ಕದ್ದು ಕಡ್ಡಾಯದಿಂದಲೊ? ಎಂದಿಗೂ ಆಗದು. ಒಂದು ರಾತ್ರಿ ಅವರು ಆಟದ ಚಪ್ಪರದಲ್ಲಿ ನಿದ್ದೆಗೆಟ್ಟು ಕುಳಿತು, ಬಣ್ಣದ ವೇಷವು ರಂಗಕ್ಕೆ ಬರುವಾಗ ಹೆದರಿ ತಾಯಿಯ ಸೆರಗನ್ನು ಹಿಡಿದುಕೊಂಡರೆ, ಆ ರಾತ್ರಿಯ ಮಾತು ಅವರ ಬಾಳಿನಲ್ಲಿ ಉಳಿಯುವದು. ಅಣುವಿನ ಯಂತ್ರವನ್ನು ಎರಡೂವರೆ ವರ್ಷ ನಿಲ್ಲಿಸದೆ ಓಡಿಸಿದ ದಕ್ಷತೆಯು ಈ ನೆಲದಲ್ಲಿದೆ. ಆದರೆ ಅದೇ ನೆಲದಲ್ಲಿ ಒಂದು ಕನ್ನಡ ರಂಗವನ್ನು ವರ್ಷಕ್ಕೆ ಆರು ರಾತ್ರಿ ನಡೆಯಿಸುವ ದಕ್ಷತೆ ಇಲ್ಲವೆಂದರೆ, ಕೊರತೆಯು ಶಕ್ತಿಯದಲ್ಲ, ಮನಸ್ಸಿನದು.

ಇಲ್ಲಿ ಒಂದು ಮಾತನ್ನು ನಿಸ್ಸಂದಿಗ್ಧವಾಗಿ ಹೇಳದೆ ಮುಂದೆ ಹೋಗಲಾರೆವು. ಕಾರವಾರದಲ್ಲಿ ಕನ್ನಡವೆಂದೊಡನೆ, ಕೊಂಕಣಿಯನ್ನು ಹೊರಗಿಡುವ ಹಂಚಿಕೆಯೆಂದು ಕೆಲವರು ಗುಲ್ಲೆಬ್ಬಿಸುತ್ತಾರೆ. ನಮ್ಮವರಲ್ಲಿಯೂ ಕೆಲವು ಅವಿವೇಕಿಗಳು ಆ ಗುಲ್ಲಿಗೆ ಪುರಾವೆಯನ್ನು ಒದಗಿಸಿಕೊಡುತ್ತಾರೆ. ಈ ಊರಿನ ಅದೆಷ್ಟೋ ಮನೆಗಳಲ್ಲಿ ತಾಯಿಯು ಜೋಗುಳ ಹಾಡುವದು ಕೊಂಕಣಿಯಲ್ಲಿ. ಕೊಂಕಣಿಯ ಮನೆಗಳಿಂದ ಬಂದು ಕನ್ನಡವನ್ನು ಬೆಳಗಿಸಿದವರ ಹೆಸರುಗಳನ್ನು ಈ ಜಿಲ್ಲೆಯಲ್ಲಿ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಜಾತ್ರೆಯಲ್ಲಿ ಊರ ಹುಡುಗರೇ ಬಣ್ಣ ಹಚ್ಚಿಕೊಂಡು ಆಡುವ ಕೊಂಕಣಿಯ ನಾಟಕವೂ ನಮ್ಮ ನಾಡಿನ ಸ್ವತ್ತೇ. 1956ರಲ್ಲಿ ನಾವು ಕೂಡಿಸಿಕೊಂಡದ್ದು ಬರಿಯ ನೆಲವನ್ನಲ್ಲ, ಆ ನೆಲದ ಮೇಲಿನ ಎಲ್ಲ ಮನೆಗಳನ್ನು. ಆದ್ದರಿಂದ ಕೊಂಕಣಿಯ ನಾಟಕಕ್ಕೂ ಹಾಲಕ್ಕಿಯ ಕುಣಿತಕ್ಕೂ ಸಿದ್ದಿಯರ ಡಮಾಮಿಗೂ ಸರಿಸಮನಾದ ಹೊತ್ತನ್ನು ಕೊಡುವ ವೇದಿಕೆಯೇ ಕನ್ನಡದ ವೇದಿಕೆ. ಇವರೆಲ್ಲರನ್ನೂ ಮರಳಿನ ಮೇಲೆ ಕೂಡ್ರಿಸಿ, ಪರದೆಯ ತಾರೆಗಳಿಗೆ ರತ್ನಗಂಬಳಿಯನ್ನು ಹಾಸುವ ವೇದಿಕೆಯು, ಅದರ ಮೇಲೆ ಎಷ್ಟೇ ದೊಡ್ಡ ಅಕ್ಷರಗಳಲ್ಲಿ ಕನ್ನಡವನ್ನು ಬರೆದಿದ್ದರೂ, ಕನ್ನಡದ್ದಲ್ಲ.

ಹಾಡು ನಾಟಕಗಳಿಗೂ ರಾಜಕಾರಣಕ್ಕೂ ಏನು ಸಂಬಂಧವೆಂದು ಕೇಳುವವರು ಏಕೀಕರಣದ ಇತಿಹಾಸವನ್ನು ಓದಿಲ್ಲವೆಂದೇ ಹೇಳಬೇಕು. ಮರಾಠಿ ನಾಟಕ ಮಂಡಳಿಗಳ ವೈಭವಕ್ಕೆ ಕನ್ನಡಿಗರೇ ಮಾರುಹೋಗಿದ್ದ ಕಾಲದಲ್ಲಿ, 1870ರ ದಶಕದಲ್ಲಿ, ಗದಗಿನಲ್ಲಿ ಕನ್ನಡದ ನಾಟಕ ಮಂಡಳಿಯನ್ನು ಕಟ್ಟಿದವರು ಶಾಂತಕವಿಗಳು. ಅವರು ಸರಕಾರಕ್ಕೆ ಅರ್ಜಿಯನ್ನು ಬರೆಯುತ್ತ ಕೂಡ್ರಲಿಲ್ಲ. ನಾಟಕವನ್ನು ಬರೆದರು, ಆಡಿಸಿದರು. 1924ರ ಬೆಳಗಾವಿಯ ಕಾಂಗ್ರೆಸ್ಸಿನಲ್ಲಿ, ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ, ಕನ್ನಡ ನಾಡಿನ ಕನಸು ಸಭೆಯ ಮುಂದೆ ಬಂದದ್ದು ಗೊತ್ತುವಳಿಯಾಗಿ ಅಲ್ಲ, ಹಾಡಾಗಿ. ಆ ಹಾಡನ್ನು ಬರೆದ ಹುಯಿಲಗೋಳ ನಾರಾಯಣರಾಯರು ವೃತ್ತಿಯಿಂದ ವಕೀಲರು, ಪ್ರವೃತ್ತಿಯಿಂದ ನಾಟಕಕಾರರು. 1930ರ ಏಪ್ರಿಲ 13ರಂದು ಅಂಕೋಲೆಯಲ್ಲಿ ಎಂ. ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಉಪ್ಪಿನ ಕಾಯಿದೆಯನ್ನು ಮುರಿದ ಜನರು, ಮುಂದೆ ಕರನಿರಾಕರಣೆಯಲ್ಲಿ ಹೊಲಮನೆಗಳನ್ನು ಕಳೆದುಕೊಂಡು, ಕರ್ನಾಟಕದ ಬಾರ್ಡೋಲಿ ಎಂಬ ಹೆಸರನ್ನು ಆ ತಾಲೂಕಿಗೆ ಗಳಿಸಿಕೊಟ್ಟ ಜನರು, ಕಾಯಿದೆಯ ಪುಸ್ತಕಗಳನ್ನು ಓದಿ ಎದ್ದವರಲ್ಲ. ಹಾಡು ಅವರನ್ನು ಎಬ್ಬಿಸಿತು. ಹಾಡುತ್ತ ಅವರು ನಡೆದರು. ಹಾಡಿನಿಂದ ಕಟ್ಟಿದ ನಾಡನ್ನು ಹಾಡಿನಿಂದಲೇ ಕಾಯಬೇಕು.

ಬರಿಯ ಆಕ್ಷೇಪಣೆಯಿಂದ ಕಾರ್ಯವಾಗದು. ಆದುದರಿಂದ ನಮ್ಮ ಬೇಡಿಕೆಗಳನ್ನು ಸ್ಪಷ್ಟವಾಗಿ ಮುಂದಿಡುತ್ತೇವೆ. ಒಂದು: ಉತ್ಸವದ ಪ್ರತಿಯೊಂದು ರಾತ್ರಿಯ ಮುಖ್ಯ ಹೊತ್ತು, ಎಂದರೆ ಎಂಟರಿಂದ ಹತ್ತರ ವರೆಗೆ, ಜಿಲ್ಲೆಯ ಕಲಾವಿದರಿಗೆ ಮೀಸಲಾಗಬೇಕು, ಹೊರಗಿನ ಗಾಯಕರು ಅದರ ಮೊದಲೋ ಬಳಿಕವೋ ಹಾಡಲಿ. ಎರಡು: ಒಂದು ರಾತ್ರಿ ಪೂರ್ಣವಾಗಿ ಯಕ್ಷಗಾನಕ್ಕೆ, ಬೆಳಗಿನ ಮಂಗಳದ ವರೆಗೆ. ಮೂರು: ಇನ್ನೊಂದು ರಾತ್ರಿ ನಾಟಕಕ್ಕೆ, ಪ್ರತಿ ತಾಲೂಕಿನಿಂದ ಹವ್ಯಾಸಿ ತಂಡಗಳನ್ನು ಮುಂಚಿತವಾಗಿ ಆರಿಸಿ, ತಾಲೀಮಿಗೆ ಸ್ಥಳವನ್ನೂ ಹಣವನ್ನೂ ಕೊಟ್ಟು, ಕನ್ನಡದ್ದೂ ಕೊಂಕಣಿಯದೂ ಒಂದೇ ರಂಗದ ಮೇಲೆ ಬರಬೇಕು. ನಾಲ್ಕು: ಉತ್ಸವವು ಕಾರವಾರದ ಮರಳಿನ ಮೇಲೆಯೇ ಮುಗಿಯಬಾರದು, ಅಂಕೋಲೆಗೆ, ಜೋಯಿಡಾಕ್ಕೆ, ಮಲ್ಲಾಪುರಕ್ಕೆ ಅದರ ಒಂದೊಂದು ಸಂಜೆಯಾದರೂ ಹೋಗಬೇಕು. ಐದು: ಯಾರಿಗೆ ಎಷ್ಟು ಸಂಭಾವನೆ ಸಂದಿತೆಂಬ ಲೆಕ್ಕವನ್ನು ಉತ್ಸವವು ಮುಗಿದ ತಿಂಗಳೊಳಗೆ ಪ್ರಕಟಿಸಬೇಕು. ಈ ಐದರಲ್ಲಿ ಒಂದಾದರೂ ಅಸಾಧ್ಯವಾದದ್ದು ಇದ್ದರೆ, ಸಂಬಂಧಪಟ್ಟವರು ಯಾವುದೆಂದು ತೋರಿಸಿಕೊಡಲಿ, ಅದನ್ನು ಹಿಂತೆಗೆದುಕೊಳ್ಳುತ್ತೇವೆ.

ಕಟ್ಟಕಡೆಗೆ, ದೋಷವನ್ನೆಲ್ಲ ಅಧಿಕಾರಿಗಳ ತಲೆಗೆ ಕಟ್ಟಿ ಕೈತೊಳೆದುಕೊಳ್ಳುವದು ಪ್ರಾಮಾಣಿಕರ ಲಕ್ಷಣವಲ್ಲ. ಆ ಸುಗ್ಗಿಯ ತಂಡವನ್ನು ಒಂಬತ್ತನೆಯ ನಿಮಿಷಕ್ಕೆ ನಿಲ್ಲಿಸಿದಾಗ ಕುರ್ಚಿಗಳ ಮೇಲೆ ಕುಳಿತಿದ್ದವರು ಯಾರು? ಕಲಿತವರು, ವಕೀಲರು, ಉಪಾಧ್ಯಾಯರು, ವರ್ತಕರು, ಎಂದರೆ ನಾವೇ. ನಮ್ಮಲ್ಲಿ ಒಬ್ಬನಾದರೂ ಎದ್ದು ನಿಂತು “ಇನ್ನು ಮೂರು ನಿಮಿಷ ಉಳಿದಿದೆ, ಅವರು ಮುಗಿಸಲಿ” ಎಂದನೆ? ಯಾರೂ ಅನ್ನಲಿಲ್ಲ. ನಾವೂ ಅನ್ನಲಿಲ್ಲ. ಗಡಿಯನ್ನು ಕುರಿತು ಗಂಟೆಗಟ್ಟಲೆ ಭಾಷಣ ಮಾಡಬಲ್ಲ ನಮಗೆ ಆ ಮೂರು ನಿಮಿಷದ ಮಾತು ಬಾಯಿಗೆ ಬರಲಿಲ್ಲ. ಹೊಲವು ಬೀಳುಬೀಳುವದು ಹೀಗೆಯೇ. ಒಂದೇ ದಿನದಲ್ಲಲ್ಲ, ಮೂರು ಮೂರು ನಿಮಿಷವಾಗಿ.

ಕನ್ನಡಿಗರೇ, ಮುಂದಿನ ಉತ್ಸವಕ್ಕೆ ತಪ್ಪದೆ ಹೋಗಿರಿ. ಆದರೆ ಸಂಜೆ ಐದಕ್ಕೇ ಹೋಗಿರಿ, ಮಕ್ಕಳನ್ನೂ ಕರೆದೊಯ್ಯಿರಿ, ಊರಿನವರು ರಂಗಕ್ಕೆ ಬಂದಾಗ ಮುಂದಿನ ಸಾಲಿನಲ್ಲಿ ಕುಳಿತಿರಿ. ಅವರನ್ನು ನಡುವೆ ತಡೆಯಲು ಯಾರಾದರೂ ಬಂದರೆ ಎದ್ದು ನಿಲ್ಲಿರಿ. ಕಾಗದವನ್ನು ನಮ್ಮ ಹಿರಿಯರು ಗಳಿಸಿಕೊಟ್ಟಿದ್ದಾರೆ. ವಹಿವಾಟು ನಮ್ಮದು.